ಮೊಣಕಾಲಿಗೆ ನನ್ನದೇ ರಕ್ತ

ಈಚೆಗೆ ನನಗಿಂತ ಮೊದಲು ನನ್ನ ಮೊಣಕಾಲು ಮಾತಾಡುತ್ತಿತ್ತು. ನೆಲದಿಂದ ಏಳಲು ಕೈಯೂರಿದರೆ ಸಾಕು, ಲಟಕ್ಕೆಂದು ಸದ್ದು. ಮನೆಗೆ ಬಂದವರು ಯಾರೋ ಹಪ್ಪಳ ಮುರಿದರೆಂದು ಅಡುಗೆಮನೆಯತ್ತ ನೋಡುತ್ತಿದ್ದರು. ವಯಸ್ಸು ಮುಖಕ್ಕಿಂತ ಮೊದಲು ಮಂಡಿಗೆ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಮುಖಕ್ಕಾದರೆ ಪೌಡರಾದರೂ ಉಂಟು.

ಸದ್ದಿನ ಹಿಂದೆಯೇ ನೋವು ಬಂತು. ಯಜಮಾನರ ಜೊತೆ ಹರಪನಹಳ್ಳಿಯ ಕೆರೆ ಏರಿಯ ಮೇಲಿನ ಬೆಳಗಿನ ವಾಕಿಂಗ್ ನಿಂತುಹೋಯಿತು. ಅವರೊಬ್ಬರೇ ಹೋಗಿಬಂದು, "ಕೆರಿ ತುಂಬಾ ಮಂಜು ಇತ್ತು ನೋಡು," ಎನ್ನುತ್ತಿದ್ದರು. ಬೇರೆಯವರು ನೋಡಿದ ಮಂಜಿನಿಂದ ನಮ್ಮ ಕಣ್ಣು ತಣಿಯುತ್ತದೆಯೇ? ಚಹಾ ಕೊಟ್ಟು, ಒಳಗೆ ಹೋಗಿ ಅತ್ತದ್ದೂ ಉಂಟು.

ದಾವಣಗೆರೆಯ ಮೂಳೆ ಡಾಕ್ಟರು ಎಕ್ಸ್‌ರೇ ನೋಡಿ, "ಕೀಲಿನ ಮೆತ್ತಿ ಸವದೈತ್ರಿ ಅಮ್ಮಾ. ನಿಮ್ಮ ರಕ್ತಾನ ತಗದು, ಅದರಾಗಿನ ಪ್ಲೇಟ್‌ಲೆಟ್ ಇರೋ ತಿಳಿ ಬ್ಯಾರಿ ಮಾಡಿ ಮಂಡಿಗೆ ಚುಚ್ತೀವಿ," ಎಂದರು.

"ಸವದದ್ದು ಮತ್ತ ಬೆಳಿತೈತೇನ್ರಿ?"

"ಬೆಳಿತೈತಿ ಅಂತ ಸುಳ್ಳು ಹೇಳಂಗಿಲ್ರಿ. ಕೆಲವ್ರಿಗೆ ನೋವು ಕಮ್ಮಿ ಆಗತೈತಿ, ಕೆಲವ್ರಿಗೆ ಇಲ್ಲ."

ಆ ನೇರ ಮಾತಿಗೇ ಒಪ್ಪಿಬಿಟ್ಟೆ.

ತೋಳಿನಿಂದ ತೆಗೆದ ರಕ್ತ ಯಂತ್ರದಲ್ಲಿ ಗಿರಗಿರ ತಿರುಗಿ ಬಂತು. ಕೆಂಪು ಅಡಿಗೆ ಕೂತು, ಮೇಲೆ ತೆಳು ಹಳದಿ ನಿಂತಿತ್ತು. ಇಷ್ಟು ವರ್ಷ ಇದನ್ನು ಮೈಯಲ್ಲಿ ಹೊತ್ತು ತಿರುಗಿದರೂ ರಕ್ತವೆಂದರೆ ಬರೀ ಕೆಂಪು ಅಂದುಕೊಂಡಿದ್ದೆನಲ್ಲ! ನೋಡನೋಡುತ್ತ ಆ ಹಳದಿ ತವರೂರು ಹಲವಾಗಲಿನ ಸಂಜೆಬಿಸಿಲಾಯಿತು. ಹೊಳೆದಂಡೆಯ ಮರಳಲ್ಲಿ ಲಂಗದ ಹುಡುಗಿಯೊಬ್ಬಳು ಕುಪ್ಪಳಿಸುತ್ತಿದ್ದಳು. ತನಗೆ ಮಂಡಿಗಳಿವೆಯೆಂಬುದೇ ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಕೂಗಬೇಕೆನ್ನುವಷ್ಟರಲ್ಲಿ ಸೂಜಿ ಇಳಿಯಿತು. "ಯವ್ವಾ!" ಎಂದು ಪಕ್ಕಕ್ಕೆ ತಿರುಗಿದರೆ, ನನಗೆ ಧೈರ್ಯ ಹೇಳಲು ಬಂದಿದ್ದ ಯಜಮಾನರು ಕಣ್ಣು ಮುಚ್ಚಿಕೊಂಡಿದ್ದರು.

ಮೊದಮೊದಲು ನೋವು ಹೆಚ್ಚೇ ಆಯಿತು. ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಮೆಟ್ಟಿಲಿಳಿದೆ. ಇಳಿದಾದ ಮೇಲೆ ಹೊಳೆಯಿತು, ಗೋಡೆ ಹಿಡಿದೇ ಇರಲಿಲ್ಲ. ಲಟಲಟ ಸದ್ದು ಇನ್ನೂ ಇದೆ, ನೋವೂ ಪೂರ್ತಿ ಹೋಗಿಲ್ಲ. ಆದರೆ ಹೊಸಿಲು ದಾಟುವಷ್ಟು ಧೈರ್ಯ ಬಂದಿದೆ.

ಮತ್ತೆ ಏರಿಯ ಮೇಲೆ ಹೊರಟೆವು. ಮದುವೆಯಾದಾಗಿನಿಂದ ಅವರು ಮುಂದೆ, ನಾನು ಹಿಂದೆ. ಊರೂರನ್ನೂ ನಾನು ಅವರ ಬೆನ್ನಿನಾಚೆಯೇ ಕಂಡವಳು. ಈಗ ನನ್ನ ಕಾಲಿಗೆ ಹೆದರಿ ಅವರು ಪಕ್ಕದಲ್ಲೇ ಹೆಜ್ಜೆ ಹಾಕುತ್ತಾರೆ. "ಹಗೂರಕ ಬಾ, ಅವಸರ ಏನೈತಿ," ಎನ್ನುತ್ತಾರೆ.

ನಿಜ ಹೇಳಬೇಕೆಂದರೆ, ನಾನು ಇನ್ನೂ ಸ್ವಲ್ಪ ಜೋರಾಗಿ ನಡೆಯಬಲ್ಲೆ. ಅವರಿಗೆ ಹೇಳಿಲ್ಲ.