ರಾಹುಕಾಲದಲ್ಲಿ ಮಾರದ ಷೇರು

ತಿಂಗಳ ಕೊನೆಯ ದಿನ ನನ್ನ ಮುಖ ನೋಡಿಯೇ ನನ್ನ ಹೆಂಡತಿ ಗಿರಿಜ ಪೇಟೆಯ ಧಾರಣೆ ಹೇಳಿಬಿಡುತ್ತಾಳೆ. ಷೇರು ಏರಿದ್ದರೆ ನಾನು ಅವಳನ್ನು ಗಾಂಧಿಬಜಾರಿಗೆ ಕರೆದೊಯ್ದು ಮಸಾಲೆ ದೋಸೆ ಕೊಡಿಸುತ್ತೇನೆ; ಇಳಿದಿದ್ದರೆ ಮನೆಯಲ್ಲೇ ಉಪ್ಪಿಟ್ಟು. ಈಚೆಗೆ ನಮ್ಮ ಮನೆಗೆ ರವೆ ಎಷ್ಟು ತಂದರೂ ಸಾಲುತ್ತಿಲ್ಲ.

ಬಸವನಗುಡಿಯಲ್ಲಿ ನಿವೃತ್ತಿಯ ನಂತರ ಈ ಹುಚ್ಚು ಹತ್ತಿಸಿಕೊಂಡವನು ನಾನೊಬ್ಬನೇ ಅಲ್ಲ. ನಮ್ಮ ಪಾರ್ಕಿನ ಬೆಂಚಿನಲ್ಲಿ ಮೊದಲೆಲ್ಲ ಶುಗರ್ರು, ಬೀಪಿಯ ಮಾತು ನಡೆಯುತ್ತಿತ್ತು. ಈಗ ಸೂಚ್ಯಂಕ ಮತ್ತು ಡಾಲರಿನದು. ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಹೇಳಿದ ತಪ್ಪಿಗೆ, ತಿಂಗಳ ವರದಿ ಒಪ್ಪಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಪೇಟೆ ಬಿದ್ದರೆ ‘ಜಾಗತಿಕ ಅನಿಶ್ಚಿತತೆ’ ಎನ್ನುತ್ತೇನೆ. ಎದ್ದರೂ ಅದನ್ನೇ ಎನ್ನುತ್ತೇನೆ. ನಮ್ಮಜ್ಜಿ ಇದಕ್ಕೆಲ್ಲ ಗ್ರಹಚಾರ ಎನ್ನುತ್ತಿದ್ದಳು. ಅವಳಿಗೆ ಯಾರೂ ಸಂಬಳ ಕೊಡಲಿಲ್ಲ, ಅಷ್ಟೇ ವ್ಯತ್ಯಾಸ.

ಹೀಗಿರುವಾಗ ಗಿರಿಜಳ ವಚನ ಗಾಯನದ ಗುಂಪು ಕಾಂಬೋಡಿಯಾದ ಶಿವಾಲಯಗಳನ್ನು ನೋಡಲು ಹೊರಟಿತು. ನನ್ನ ಜೊತೆ ಕಿಟಕಿ ಪಕ್ಕ ಕೂತು ವಿಮಾನದಲ್ಲಿ ಹೋಗಬೇಕೆಂಬುದು ಅವಳ ಬಹುಕಾಲದ ಆಸೆ. ‘ಇಬ್ಬರೂ ಹೋಗೋಣ, ಷೇರು ಮಾರಿ ದುಡ್ಡು ಕಟ್ಟುತ್ತೇನೆ’ ಎಂದು ಧಾರಾಳವಾಗಿ ಹೇಳಿಬಿಟ್ಟೆ. ಪ್ರವಾಸದವರು ಕೇಳಿದ್ದು ಡಾಲರಿನಲ್ಲಿ, ಅದೂ ಕಟ್ಟುವ ದಿನದ ದರದಲ್ಲಿ. ಸಿಕ್ಕಿಬಿದ್ದದ್ದು ಅಲ್ಲಿ. ಷೇರು ಏರಿದ ತಿಂಗಳು ಡಾಲರೂ ಏರುತ್ತಿತ್ತು. ಷೇರು ಬಿದ್ದ ತಿಂಗಳು ಡಾಲರು ಇನ್ನೂ ಏರುತ್ತಿತ್ತು.

“ಮಾರಿ ಕೈ ತೊಳ್ಕೊಳ್ಳಿ ಸಾರ್, ಎಷ್ಟು ದಿನ ಅಂತ ಕಾಯ್ತೀರ?” ಎಂದರು ಎನ್.ಆರ್. ಕಾಲೋನಿಯಿಂದ ವಾಕಿಂಗಿಗೆ ಬರುವ ಮರಿಯಪ್ಪನವರು.

“ರೂಪಾಯಿ ಸ್ವಲ್ಪ ಚೇತರಿಸ್ಕೊಳ್ಲಿ,” ಎಂದೆ, ರೂಪಾಯಿ ನಮ್ಮ ಮನೆಯಲ್ಲೇ ಜ್ವರ ಬಂದು ಮಲಗಿದೆಯೇನೋ ಎಂಬಂತೆ. ಗಿರಿಜಳಿಗೂ ದಿನಾ ಇದೇ ಉತ್ತರ.

ದುಡ್ಡು ಕಟ್ಟುವ ಗಡುವಿಗೆ ಮುನ್ನ ಷೇರು ಮಾರಬಹುದಾದ ಕೊನೆಯ ದಿನ ಬಂತು. ಶುಕ್ರವಾರ. ಬೆಳಿಗ್ಗೆ ಪೇಟೆ ಚೆನ್ನಾಗಿ ಏರಿತ್ತು. ಕನ್ನಡಕ ಹುಡುಕಿ, ಮರೆತ ಪಾಸ್‌ವರ್ಡ್ ನೆನಪಿಸಿಕೊಂಡು, ಇನ್ನೇನು ಮೊಬೈಲಿನ ಮೇಲೆ ಬೆರಳು ಒತ್ತಬೇಕು, ಗೋಡೆಯ ಕ್ಯಾಲೆಂಡರು ಕಣ್ಣಿಗೆ ಬಿತ್ತು. ಹತ್ತೂವರೆ ದಾಟಿತ್ತು. ರಾಹುಕಾಲ.

ನಮ್ಮಜ್ಜನಿಗೆ ಚಿಕ್ಕಪೇಟೆಯಲ್ಲಿ ಜವಳಿ ಅಂಗಡಿಯಿತ್ತು. ರಾಹುಕಾಲದಲ್ಲಿ ಗಿರಾಕಿ ಬಂದರೆ ಕಾಫಿ ತರಿಸಿ, ಊರಿನ ಸಮಾಚಾರ ಕೇಳಿ ಕೂರಿಸಿಕೊಳ್ಳುತ್ತಿದ್ದರೇ ಹೊರತು ಬೋಣಿ ಮಾಡುತ್ತಿರಲಿಲ್ಲ. ನಾನೋ, ಕಾಲೇಜಿನಲ್ಲಿ ಮೂಢನಂಬಿಕೆಯ ವಿರುದ್ಧ ಮೇಜು ಗುದ್ದಿ ಭಾಷಣ ಮಾಡಿದವನು. ಆದರೆ ಬೆರಳು ಮಾತ್ರ ಅಜ್ಜನ ಅಂಗಡಿಯದು. ಒತ್ತಲು ಒಪ್ಪಲಿಲ್ಲ.

“ಮಾರ್ರೀ! ನಾವು ಹಾಡೋ ವಚನದಲ್ಲಿ ಒಳ್ಳೆ ಹೊತ್ತು, ಕೆಟ್ಟ ಹೊತ್ತು ಅಂತ ಎಲ್ಲಿದೆ?” ಎಂದಳು ಗಿರಿಜ.

“ಹಾಡೋದು ಬೇರೆ, ಮಾರೋದು ಬೇರೆ. ಒಂದು ಕಾಫಿ ಮಾಡು, ಅಷ್ಟರಲ್ಲಿ ಮುಗಿಯತ್ತೆ.”

ಕಾಫಿ ಮುಗಿಯಿತು. ಹನ್ನೆರಡು ಹೊಡೆದು ರಾಹುಕಾಲವೂ ಮುಗಿಯಿತು. ಅಷ್ಟರಲ್ಲಿ ಪ್ರಪಂಚದ ಯಾವುದೋ ಮೂಲೆಯಲ್ಲಿ ಯಾರೋ ದೊಡ್ಡ ಮನುಷ್ಯ ಏನೋ ಹೇಳಿ, ಪೇಟೆ ಮಕಾಡೆ ಮಲಗಿತ್ತು. ಸುಮುಹೂರ್ತದಲ್ಲಿ, ಅತ್ಯಂತ ಕಡಿಮೆ ಬೆಲೆಗೆ, ಎಲ್ಲವನ್ನೂ ಮಾರಿದೆ. ಡಾಲರು ಆ ಮಧ್ಯಾಹ್ನವೇ ಇನ್ನೊಂದು ಮೆಟ್ಟಿಲು ಹತ್ತಿತು. ಬಂದ ದುಡ್ಡು ಒಬ್ಬರಿಗೆ ಸಾಕಾಯಿತು.

ಗಿರಿಜ ಬೈದಿದ್ದರೆ ಹಗುರವಾಗುತ್ತಿತ್ತು. ನನಗೆಂದು ಕೊಂಡಿದ್ದ ಹೊಸ ಶೂ ಡಬ್ಬಿಯನ್ನು ಮಂಚದ ಕೆಳಗೆ ಸರಿಸಿದಳು. ನಿಜವಾಗಿಯೂ ಸಂಕಟವಾಯಿತು. ತಾನೊಬ್ಬಳೇ ಹೋಗುವುದಿಲ್ಲ ಎಂದವಳನ್ನು ಗೋಗರೆದು ಗೆಳತಿಯರ ಜೊತೆ ಕಳಿಸಿದೆ. ಉಪ್ಪಿಟ್ಟು ನಾನೇ ಕೆದಕಿಕೊಂಡು ತಿಂದೆ.

ಒಂದು ಬೆಳಿಗ್ಗೆ ಅಲ್ಲಿಂದ ಫೋನು ಬಂತು.

“ದೇವಸ್ಥಾನ ಕಣ್ತುಂಬ ನೋಡ್ದೆ ಕಣ್ರೀ. ಬಿಸಿಲು ಮಾತ್ರ ಸಿಕ್ಕಾಪಟ್ಟೆ, ನಾಲಿಗೆ ಒಣಗ್ತಿದೆ.”

“ಎಳನೀರು ಕುಡಿಬಾರ್ದಾ?”

“ಕುಡಿಬೋದು. ಇಲ್ಲಿ ಎಳನೀರಿಗೂ ಡಾಲರೇ ಕೊಡ್ಬೇಕು, ಎರಡು ಡಾಲರಂತೆ. ರೂಪಾಯಿ ಸ್ವಲ್ಪ ಚೇತರಿಸ್ಕೊಳ್ಲಿ ಅಂತ ಕಾಯ್ತಾ ನಿಂತಿದೀನಿ.”

ಅವಳ ಹಿಂದೆ ಗೆಳತಿಯರೆಲ್ಲ ಗೊಳ್ಳೆಂದು ನಕ್ಕರು. ನಾನು ಗೋಡೆಯ ಕ್ಯಾಲೆಂಡರಿಗೆ ಬೆನ್ನು ತಿರುಗಿಸಿದೆ.

“ಕುಡಿ ಮಾರಾಯ್ತಿ, ಈಗಲೇ ಕುಡಿ. ನನ್ನ ಪಾಲಿಂದೂ ಒಂದು ಕುಡಿ.”

ಸ್ವಲ್ಪ ಹೊತ್ತಿಗೆ ಎಳನೀರು ಹೀರುವ ಸದ್ದು ಕಾಂಬೋಡಿಯಾದಿಂದ ಬಸವನಗುಡಿಯವರೆಗೆ ಸ್ಪಷ್ಟವಾಗಿ ಕೇಳಿಸಿತು. ಆ ತಿಂಗಳು ನನ್ನ ದುಡ್ಡಿಗೆ ಸಿಕ್ಕ ಲಾಭ ಅದೊಂದೇ. ಮರುದಿನ ಬೆಂಚಿನಲ್ಲಿ ವರದಿ ಒಪ್ಪಿಸುವಾಗ ಅದನ್ನೇ ಮೊದಲು ಹೇಳಿದೆ.