ಕೂಸುಗಳಿಲ್ಲದ ಕೂಸಿನ ಕೋಣೆ

ನಾಸಿಕ್ ಬಳಿಯ ಸಿನ್ನರ್‌ನಲ್ಲಿ ಹೊಸ ಕಾರ್ಖಾನೆಯೊಂದರ ಕಟ್ಟಡ ಏಳುತ್ತಿದ್ದಾಗ ನಾನು ಅಲ್ಲಿ ಸುರಕ್ಷತಾ ಅಧಿಕಾರಿಯಾಗಿದ್ದೆ. ಗದಗಿನವಳು; ನಾಸಿಕ್‌ನಲ್ಲಿ ಮನೆ ಮಾಡಿಕೊಂಡು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮರಳು, ಇಟ್ಟಿಗೆ ಹೊರುವ ಹೆಂಗಸರಲ್ಲಿ ಹೆಚ್ಚಿನವರು ಯಾದಗಿರಿ ಕಡೆಯವರು. ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಅವರ ಮಕ್ಕಳಿಗೊಂದು ಕೋಣೆ ಇರಲೇಬೇಕೆಂದು ಕಾನೂನು. ನಮ್ಮಲ್ಲೂ ಇತ್ತು. ಗೋಡೆಗೆ ಗಿಳಿಗಳನ್ನು ಬರೆಸಿದ್ದೆವು, ತೊಟ್ಟಿಲು ತರಿಸಿದ್ದೆವು, ನೋಡಿಕೊಳ್ಳಲು ಅಲ್ಲಿನವಳೇ ಒಬ್ಬ ಮರಾಠಿ ಹೆಂಗಸನ್ನು ಇಟ್ಟಿದ್ದೆವು; ಎಲ್ಲರೂ ಆಕೆಯನ್ನು ಬಾಯಿ ಎನ್ನುತ್ತಿದ್ದರು. ತಪಾಸಣೆಗೆ ಬಂದ ಅಧಿಕಾರಿ ಮೆಚ್ಚಿಕೊಂಡು ಸಹಿ ಹಾಕಿ ಹೋಗಿದ್ದರು. ಮಕ್ಕಳು ಮಾತ್ರ ಬರುತ್ತಿರಲಿಲ್ಲ. ಹೇಳುವಷ್ಟು ಹೇಳಿಯಾಯಿತು, ಈ ಜನಕ್ಕೆ ತಿಳಿವಳಿಕೆಯಿಲ್ಲ ಅಂದುಕೊಂಡು ನಾನೂ ಸುಮ್ಮನಾಗಿದ್ದೆ.

ಒಂದು ಬೆಳಿಗ್ಗೆ ಹತ್ತರ ಸುಮಾರಿಗೆ ಮರಳಿನ ಗುಡ್ಡೆಯ ಕಡೆಯಿಂದ ಕೂಗು ಕೇಳಿತು. ಒಬ್ಬಾಕೆಯ ಎರಡು ವರ್ಷದ ಮಗಳು ಕಾಣುತ್ತಿರಲಿಲ್ಲ. ನೆರಳಿನಲ್ಲಿ ಕೂರಿಸಿ, ಬುಟ್ಟಿ ಹೊತ್ತು ಹೋಗಿ ಬರುವಷ್ಟರಲ್ಲಿ ಮಗುವಿಲ್ಲ. ಕ್ರೇನ್ ನಿಲ್ಲಿಸಿದೆ, ಲಾರಿಗಳನ್ನು ಗೇಟಿನಲ್ಲೇ ತಡೆಸಿದೆ. ಅಡಿಪಾಯಕ್ಕೆ ತೋಡಿದ ಗುಂಡಿಗಳಲ್ಲಿ ನೀರಿತ್ತು. ಒಂದೊಂದನ್ನೂ ಬಗ್ಗಿ ನೋಡುತ್ತಾ ಹೋದೆ. ತಾಯಿ ಅಳಲಿಲ್ಲ. ಮಗಳ ಹೆಸರು ಕೂಗುತ್ತಾ ಓಡುತ್ತಲೇ ಇದ್ದಳು.

ಅರ್ಧ ಗಂಟೆಯ ಮೇಲೆ ಆಕೆಯ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಕಾಂಪೌಂಡಿನ ಮೂಲೆಯಿಂದ ಕೈ ಬೀಸಿದಳು. ರಾಶಿ ಹಾಕಿದ್ದ ಸಿಮೆಂಟ್ ಪೈಪೊಂದರ ತಂಪಿನಲ್ಲಿ ಮಗು ಬೆರಳು ಚೀಪುತ್ತಾ ನಿದ್ದೆಹೋಗಿತ್ತು. ತಾಯಿ ಎತ್ತಿಕೊಂಡು ಅಲ್ಲೇ ಕುಸಿದು ಕೂತಳು. ನಾನೂ ಪಕ್ಕದಲ್ಲೇ ಕೂತೆ.

ಉಸಿರು ತಹಬಂದಿಗೆ ಬಂದ ಮೇಲೆ ಕೇಳಿದೆ: "ಅಷ್ಟ್ ಚಂದ ಖೋಲಿ ಐತಲ್ಲವಾ, ಅಲ್ಲ್ಯಾಕ ಬಿಡಂಗಿಲ್ಲ ನೀವು?"

ತಾಯಿ ಮಗುವಿನ ತಲೆಗಂಟಿದ ಧೂಳು ಒರೆಸುತ್ತಿದ್ದಳು. ನೆಗೆಣ್ಣಿಯೇ ಹೇಳಿದಳು: "ಆ ಬಾಯಿ ಒಂಬತ್ತಕ್ಕ ಬರ್ತಾಳ್ರಿ ಅಕ್ಕಾರ. ನಮ್ಮ ಹಾಜರಿ ಎಂಟಕ್ಕ. ತಡಾ ಆದ್ರ ಕೂಲಿಗೆ ಹಚ್ಚೋ ಮುಕಾದಮ ಗೇಟಿನಿಂದನ ವಾಪಸ್ ಕಳಸ್ತಾನ. ಆ ದಿನ ಒಲಿ ಹೊತ್ತಂಗಿಲ್ಲ. ಮತ್ತ ಆಕಿಗೆ ನಮ್ಮ ಮಾತ ತಿಳಿಯಂಗಿಲ್ಲ. ಕೂಸು ನೀರ ಬೇಡಿದ್ರ ಯಾರಿಗೆ ಗೊತ್ತಾಗ್ಬೇಕ್ರಿ?"

ತಿಂಗಳುಗಟ್ಟಲೆ ಅವರ ನಡುವೆ ಓಡಾಡಿದ್ದೆ, ಅವರದೇ ಮಾತು ಆಡಿದ್ದೆ. ಮಕ್ಕಳು ಯಾಕೆ ಬರುತ್ತಿಲ್ಲವೆಂದು ಒಮ್ಮೆಯೂ ಕೇಳಿರಲಿಲ್ಲ.

ಮಾತಾಡುತ್ತಲೇ ನೆಗೆಣ್ಣಿ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡದ್ದು ಕಣ್ಣಿಗೆ ಬಿತ್ತು.

"ಎಷ್ಟ್ ತಿಂಗಳವಾ?"

ಆಕೆಯ ಮುಖ ಸಪ್ಪಗಾಯಿತು. "ಆರು ತುಂಬ್ಯಾವ್ರಿ. ಬರ್ಕೋಬ್ಯಾಡ್ರಿ ಅಕ್ಕಾರ. ಬಸರಿ ಹೆಂಗಸರಿಗೆ ಭಾರ ಹೊರಸಬಾರ್ದಂತ ಕಾಯ್ದೆ ಐತಂತ. ಗೊತ್ತಾದ್ರ ಕೆಲಸ ಬಿಡಸ್ತಾರ."

ಆಕೆಯನ್ನು ಕಾಯಲೆಂದೇ ಮಾಡಿದ ಕಾನೂನಿಗೆ ಹೆದರಿ ಆಕೆ ನನ್ನಿಂದ ಅಷ್ಟು ದಿನ ಬಚ್ಚಿಟ್ಟುಕೊಂಡು ತಿರುಗಿದ್ದಳು.

ಮಧ್ಯಾಹ್ನವೇ ಮ್ಯಾನೇಜರರ ಬಳಿ ಹೋದೆ. ನೆಗೆಣ್ಣಿಯನ್ನು ಅದೇ ಕೂಲಿಗೆ ಮಕ್ಕಳ ಕೋಣೆಗೆ ಹಾಕಿ, ಏಳೂವರೆಗೆ ಬಾಗಿಲು ತೆಗೆಸಿ, ಹಾಲು ಕುಡಿಸಲು ತಾಯಂದಿರನ್ನು ಬಿಡಿ ಎಂದೆ. "ಬಾಯಿ ಇದ್ದಾಳಲ್ಲ" ಎಂದರು. ಆಮೇಲೆ ಕಿಟಕಿಯಾಚೆಯ ನೀರು ತುಂಬಿದ ಗುಂಡಿಗಳ ಕಡೆ ನೋಡಿದರು. "ಇಬ್ಬರೂ ಇರಲಿ" ಅಂದರು. ಆ ಮಾತು ಕೇಳಿ ಹೊರಗೆ ಬಂದಾಗ ನನಗೆ ಹಗುರವಾಗಿ, ನೀರು ಕುಡಿಯಬೇಕೆನಿಸಿತು. ಬೆಳಗಿನಿಂದ ಕುಡಿದೇ ಇರಲಿಲ್ಲ.

ಮೊದಲ ದಿನ ಮೂರು ಮಕ್ಕಳು ಬಂದವು, ವಾರ ಕಳೆಯುವುದರೊಳಗೆ ಹನ್ನೊಂದು. ತಮ್ಮಂದಿರನ್ನು ಎತ್ತಿಕೊಂಡೇ ಇರುತ್ತಿದ್ದ ಇಬ್ಬರು ಅಕ್ಕಂದಿರು ಶಾಲೆಯ ದಾರಿ ಹಿಡಿದರು. ಮರಾಠಿ ಬಾಯಿ ಖಿಚಡಿ ಮಾಡುತ್ತಾ "ಉಣ್ಣು, ಉಣ್ಣು" ಅನ್ನುವುದನ್ನು ಕಲಿತಳು. ಕಾನೂನಿರದಿದ್ದರೆ ಆ ನಾಲ್ಕು ಗೋಡೆಗಳೂ ಏಳುತ್ತಿರಲಿಲ್ಲ ಎಂಬುದನ್ನು ನಾನು ಮರೆಯುವುದಿಲ್ಲ. ಆದರೆ ಒಂದು ದಿನದ ಕೂಲಿ ತಪ್ಪಿದರೆ ಉಪವಾಸ ಬೀಳುವವರು ಆ ಬಾಗಿಲವರೆಗೆ ಬರಲಾರರು ಎಂಬುದು ಯಾವ ಕಲಮಿನಲ್ಲೂ ಬರೆದಿರಲಿಲ್ಲ.

ಈಗ ನಾನು ಛತ್ರಪತಿ ಸಂಭಾಜಿನಗರದ ಕಟ್ಟಡವೊಂದರ ಕೆಲಸದಲ್ಲಿದ್ದೇನೆ. ಅದೇ ಕುಟುಂಬ ಇಲ್ಲಿಗೂ ಬಂದಿದೆ. ನೆಗೆಣ್ಣಿ ತನ್ನ ಮಗನನ್ನೂ ಸೇರಿಸಿ ಉಳಿದವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ. ಮೊನ್ನೆ ಚಹಾದ ಹೊತ್ತಿಗೆ ಮಕ್ಕಳ ಕೋಣೆಯಿಂದ ಜೋರಾಗಿ ಅಳು ಕೇಳಿತು. ನಾನು ಎದ್ದು ನಿಂತೆ. ತನ್ನ ಮಗುವನ್ನೂ ಅಲ್ಲೇ ಬಿಟ್ಟು ಬಂದಿದ್ದ, ಎದುರಿಗಿದ್ದ ಹೆಂಗಸು ತಲೆಯ ಬುಟ್ಟಿಯನ್ನು ಇಳಿಸದೆ ಒಂದು ಕ್ಷಣ ಕಿವಿಗೊಟ್ಟಳು.

"ನಮ್ಮ ಕೂಸಲ್ಲ ಬಿಡ್ರಿ" ಎಂದು ನಕ್ಕು ನಡೆದಳು.