ಚೆಕ್ಕಿನ ಹಿಂಬದಿಯ ಹೆಬ್ಬೆಟ್ಟು

ತಿಕೋಟಾದ ಗುರುಸಿದ್ದವ್ವ ಸಹಿ ಮಾಡುವುದನ್ನು ನೋಡಲು ಪುರುಸೊತ್ತು ಬೇಕು. ಮೊದಲು ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. ಪೆನ್ನಿನ ತುದಿಯನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ. ಆಮೇಲೆ ಉಸಿರು ಬಿಗಿಹಿಡಿದು ಒಂದೊಂದೇ ಅಕ್ಷರ ಕೂಡಿಸಿ, ಕೆಳಗೊಂದು ಗೆರೆ ಎಳೆದ ಮೇಲೆಯೇ ಉಸಿರು ಬಿಡುತ್ತಾಳೆ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಗಂಡ ತೀರಿಕೊಂಡ ಮೇಲೆ ಮಂದಿಯ ಮನೆಗಳಲ್ಲಿ ರೊಟ್ಟಿ ಬಡಿದು ಮಗ ಸಿದ್ದರಾಮನನ್ನು ಬೆಳೆಸಿದಳು. ಈಗ ಅವಳದೇ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರು ಹಂಚುಗಳ ಮುಂದೆ ಕುಳಿತಿರುತ್ತಾರೆ. ಖಡಕ್ ರೊಟ್ಟಿ ಸಿದ್ದರಾಮನ ಟೆಂಪೋದಲ್ಲಿ ವಿಜಯಪುರದ ಖಾನಾವಳಿಗಳಿಗೆ ಹೋಗುತ್ತದೆ. ಖಾನಾವಳಿಯವರು ಹಣವನ್ನು ಬ್ಯಾಂಕಿಗೆ ಹಾಕುತ್ತಾರೆ, ಜೋಳದ ವ್ಯಾಪಾರಿಗೆ ಇವಳು ಚೆಕ್ ಬರೆಸಿ ಕೊಡುತ್ತಾಳೆ. ಸಹಿ ಬೇಕಾದದ್ದು ಅದಕ್ಕೇ.

ಕಲಿಸಿದವಳು ತಮ್ಮ ಬಸಗೊಂಡಪ್ಪನ ಮಗಳು ರಾಜೇಶ್ವರಿ. ಹೈಸ್ಕೂಲಿಗೆಂದು ಬಂದು ಇವಳ ಮನೆಯಲ್ಲೇ ಇದ್ದ ಹುಡುಗಿ. ತೊಟ್ಟಿಲ ದಿನ ಆ ಮಗುವಿನ ಕಿವಿಯಲ್ಲಿ ಸೋದರತ್ತೆಯಾಗಿ ಹೆಸರು ಹೇಳಿದವಳು ಗುರುಸಿದ್ದವ್ವ. ಆ ಮಗು ದೊಡ್ಡದಾಗಿ ಅತ್ತೆಗೆ ಅತ್ತೆಯ ಹೆಸರನ್ನು ಪಾಟಿಯ ಮೇಲೆ ಬರೆದುಕೊಟ್ಟಿತು. ಅತ್ತೆ ಅದರ ಮೇಲೆಯೇ ತಿದ್ದಿದಳು, ತಿಂಗಳುಗಟ್ಟಲೆ.

ಆ ಹುಡುಗಿಯನ್ನೇ ಸೊಸೆ ಮಾಡಿಕೊಳ್ಳಬೇಕೆಂದು ಅವಳ ಮನಸ್ಸಿನಲ್ಲಿತ್ತು. ಬಳಗಕ್ಕೂ ಗೊತ್ತಿತ್ತು, ಓಣಿಗೂ ಗೊತ್ತಿತ್ತು. ಸಿದ್ದರಾಮ ಮಾತ್ರ, “ಒಂದ ಮನ್ಯಾಗ ತಂಗಿ ಹಂಗ ಬೆಳದಾಳ ಯವ್ವಾ, ನನ್ನಿಂದ ಆಗಂಗಿಲ್ಲ” ಎಂದ. ಬಬಲೇಶ್ವರದ ವಿದ್ಯಾವತಿಯನ್ನು ಮದುವೆಯಾದ. ರಾಜೇಶ್ವರಿಯನ್ನು ಇಟ್ಟಂಗಿಹಾಳಕ್ಕೆ ಕೊಟ್ಟರು. ವಿದ್ಯಾವತಿಯಲ್ಲಿ ಎತ್ತಿ ಆಡುವಂಥ ಕುಂದು ಇರಲಿಲ್ಲ. ಆದರೂ ಹೊಸ ಹಂಚಿಗೆ ಮೊದಮೊದಲು ರೊಟ್ಟಿ ಹಿಡಿದುಕೊಳ್ಳುವ ಹಾಗೆ ಅತ್ತೆಯ ಮಾತು ಸೊಸೆಯ ಮುಂದೆ ಅಲ್ಲಲ್ಲೇ ಹಿಡಿಯುತ್ತಿತ್ತು.

ಈ ಸಲ ಪಂಚಮಿ ಮುಗಿದು ಶ್ರಾವಣ ಇನ್ನೂ ನಡೆದಿತ್ತು. ಜೋಳದ ವ್ಯಾಪಾರಿ ಬಂದು ಕಟ್ಟೆಯ ಮೇಲೆ ಕುಳಿತ. “ನಿಮ್ಮ ಚೆಕ್ ಹೊಳ್ಳಿ ಬಂದೈತ್ರಿ ಗುರುಸಿದ್ದವ್ವಾರ. ಖಾತೇದಾಗ ರೊಕ್ಕ ಇಲ್ಲಂತ.” ಅವಳು ಬ್ಯಾಂಕಿಗೆ ಓಡಿದಳು. ಚೆಕ್ ಪುಸ್ತಕದ ಕೊನೆಯ ಹಾಳೆಯನ್ನು ಯಾರೋ ಹರಿದು, ವಿಜಯಪುರದ ಶಾಖೆಯಲ್ಲಿ ನಗದು ಮಾಡಿಕೊಂಡಿದ್ದರು. ಮ್ಯಾನೇಜರ್ ನಾಜಿಯಾ ಆ ಚೆಕ್ಕನ್ನು ತರಿಸಿದಳು. ಮುಂದೆ ಗುರುಸಿದ್ದವ್ವನ ಸಹಿ, ಕೆಳಗಿನ ಗೆರೆಯೂ ಸೇರಿ. ಹಿಂದೆ ಹಣ ಒಯ್ದವರ ಹೆಸರು: ವಿದ್ಯಾವತಿ. ಹೆಸರಿನ ಪಕ್ಕದಲ್ಲಿ ನೀಲಿ ಹೆಬ್ಬೆಟ್ಟು.

ಆ ಹೆಬ್ಬೆಟ್ಟು ಹೊಸ ಪದ್ಧತಿ. ಕಳೆದ ವರ್ಷ ಸುಳ್ಳು ಚೆಕ್ಕಿನ ಪ್ರಕರಣವೊಂದು ನಡೆದ ಮೇಲೆ ಈ ಸಹಕಾರಿ ಬ್ಯಾಂಕಿನವರು ಚೆಕ್ ತಂದು ನಗದು ಒಯ್ಯುವ ಎಲ್ಲರಿಂದಲೂ ಹಿಂಬದಿಗೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ಓದಿದವರಿಗೆ ಇದು ಸೇರದು. “ನಾವೇನು ಹೆಬ್ಬೆಟ್ಟಿನ ಮಂದಿ ಅನ್ಕೊಂಡಿಯೇನಲೇ?” ಎಂದು ಒಬ್ಬ ವಕೀಲರು ಕೂಗಾಡಿದಾಗ, ಮಸಿಡಬ್ಬಿ ಹಿಡಿದು ನಿಂತ ಜವಾನ ಸೋಮು, “ಓದು ನಿಮಗ ಬರ್ತೈತ್ರಿ ಸಾಹೇಬ್ರ, ನಿಮ್ಮ ಬೆಟ್ಟಿಗೆ ಬರಂಗಿಲ್ಲಲ್ಲ. ಒತ್ರಿ” ಅಂದಿದ್ದನಂತೆ.

ಗುರುಸಿದ್ದವ್ವ ಅಂದು ಹೆಬ್ಬೆಟ್ಟನ್ನು ದಿಟ್ಟಿಸಿ ನೋಡಲಿಲ್ಲ. ನಾಜಿಯಾ ಓದಿ ಹೇಳಿದ ಹೆಸರಷ್ಟೇ ಕಿವಿಯಲ್ಲಿ ಉಳಿಯಿತು. ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡಲಿಲ್ಲ.

“ಬಬಲೇಶ್ವರದಾಗ ನಿಮ್ಮಪ್ಪ ಮನಿ ಕಟ್ಟಸಾಕತ್ತಾನಲ್ಲ, ಸ್ಲ್ಯಾಬಿಗೆ ನನ್ನ ರೊಟ್ಟಿ ರೊಕ್ಕ ಬೇಕಾತೇನು?”

ವಿದ್ಯಾವತಿ ಹಿಟ್ಟು ನಾದುತ್ತಿದ್ದಳು. “ಏನಂತೀರಿ ಅತ್ತಿ? ಯಾವ ರೊಕ್ಕ?”

“ಹೆಸರ ಬರದಿಟ್ಟ ಬಂದಿಯಲ್ಲ ಬ್ಯಾಂಕಿನ್ಯಾಗ. ಮ್ಯಾಲೆ ಹೆಬ್ಬೆಟ್ಟು ಬ್ಯಾರೆ.”

ಹಂಚಿನ ಮುಂದಿನ ಹೆಂಗಸರ ಕೈಗಳು ನಿಂತವು. ರೊಟ್ಟಿ ಬಡಿಯುವ ಸದ್ದು ಅಡಗಿದ ಪಡಸಾಲೆಯಲ್ಲಿ ಒಂದು ರೊಟ್ಟಿ ಸೀದ ವಾಸನೆ ಎದ್ದಿತು. ಒಳಗಿನಿಂದ ಬಂದ ಸಿದ್ದರಾಮ ಮೆತ್ತಗೆ, “ತಗೊಂಡಿದ್ರ ಅಂದ್ಬಿಡು ವಿದ್ಯಾ. ಇಲ್ಲಿಗೇ ಮುಗದು ಹೋಗ್ಲಿ” ಎಂದ.

ಅತ್ತೆಯ ಮಾತಿಗೆ ಬಾರದ ನೀರು ಆ ಮಾತಿಗೆ ವಿದ್ಯಾವತಿಯ ಕಣ್ಣಿಗೆ ಬಂತು. ಅವಳು ಹಿಟ್ಟಿನ ಕೈಯನ್ನೇ ಎತ್ತಿ ಹಿಡಿದಳು. “ಹೆಬ್ಬೆಟ್ಟು ಐತಿ ಅಂದ್ರಲ್ಲ. ನಾಳೆ ನಡೀರಿ. ನಂದೂ ಒತ್ತೀನಿ, ಮಂದಿ ಮುಂದನ ನೋಡ್ರಿ.”

ಮರುದಿನ ಬ್ಯಾಂಕಿಗೆ ಹೊರಡುವಾಗ ಅವಳ ಕೈಯಲ್ಲಿ ಬಟ್ಟೆಯ ಚೀಲವೂ ಇತ್ತು. ಯಾಕೆಂದು ಅತ್ತೆ ಕೇಳಲಿಲ್ಲ.

ನಾಜಿಯಾಳ ಮೇಜಿನ ಮೇಲೆ ಚೆಕ್ಕು ಬೋರಲಾಗಿ ಬಿದ್ದಿತ್ತು. ಪಕ್ಕದಲ್ಲಿ ಬಿಳಿ ಹಾಳೆ. ಸೋಮು ಮಸಿಡಬ್ಬಿ ಮುಂದೆ ಹಿಡಿದ. “ಎಡಗೈದು ಕೊಡ್ರಿ ಅಕ್ಕಾರ.”

“ಲಿಂಗದ ಕೈ ಅದು,” ಗುರುಸಿದ್ದವ್ವನ ಬಾಯಿಂದ ತಾನಾಗಿಯೇ ಬಂತು. ದಿನವೂ ಬೆಳಗಿನಲ್ಲಿ ಸೊಸೆ ಆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚಿ ಕೂರುವುದನ್ನು ಕಂಡವಳು.

“ಇರ್ಲಿ ಬಿಡ್ರಿ,” ವಿದ್ಯಾವತಿ ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿದಳು. “ಇದು ತೊಳಕೊಂಡ್ರ ಹೋಗ್ತೈತಿ.”

ಗುರುತು ಬಿಳಿ ಹಾಳೆಯ ಮೇಲೆ ಮೂಡಿತು. ಗುರುಸಿದ್ದವ್ವ ಚಸ್ಮಾ ಏರಿಸಿಕೊಂಡು ಬಗ್ಗಿದಳು. ನಮ್ಮ ಕಡೆ ತೊಟ್ಟಿಲಿಗೆ ಹೋದ ಯಾವ ಹೆಂಗಸೂ ಕೂಸಿನ ಬೆರಳು ಬಿಡಿಸಿ ಶಂಖವೋ ಚಕ್ರವೋ ಎಂದು ನೋಡದೆ ಬರುವುದಿಲ್ಲ. ಅವಳೂ ಹಾಗೆಯೇ ನೋಡಿದಳು. ಸೊಸೆಯ ಬೆರಳಿನ ಗೆರೆಗಳು ಒಂದು ಕಡೆಗೆ ತಿರುಗಿ ಹೊರಟಿದ್ದವು, ಶಂಖ. ಚೆಕ್ಕಿನ ಮೇಲಿನದು ಸುತ್ತಿ ಸುತ್ತಿ ನಡುವೆ ಮುಚ್ಚಿಕೊಂಡಿತ್ತು, ಚಕ್ರ.

“ಇದು ಇಕೀದಲ್ಲ,” ಎಂದಳು.

“ಆಯಿ, ಶಂಖ ಚಕ್ರ ನೋಡಿ ನಾ ಏನೂ ಬರದು ಕೊಡಾಕ ಬರಂಗಿಲ್ಲ,” ನಾಜಿಯಾ ಎರಡನ್ನೂ ಹತ್ತಿರ ಹಿಡಿದಳು. “ಬೆರಳಚ್ಚು ನೋಡವ್ರು ಪೊಲೀಸರ ಕಡೆ ಬ್ಯಾರೆ ಇರ್ತಾರ. ಆದ್ರ ಎರಡೂ ಒಂದಲ್ಲ ಅನ್ನೂದು ನನ್ನ ಕಣ್ಣಿಗೂ ಕಾಣ್ತೈತಿ. ಮತ್ತ ಯಾರ ಮ್ಯಾಲರೆ ಸಂಶಯ ಐತೇನ್ರಿ? ನಿಮ್ಮ ಸಹಿ ಹಿಂಗ ಹೊಂದೂ ಹಂಗ ಬರಿಯವ್ರು ಯಾರದಾರ?”

ಗುರುಸಿದ್ದವ್ವ ಚೆಕ್ಕನ್ನು ಹೊರಳಿಸಿ ಮುಂದಿನ ಸಹಿ ನೋಡಿದಳು. ಬ್ಯಾಂಕಿನವರು ಮೋಸ ಹೋದದ್ದರಲ್ಲಿ ಆಶ್ಚರ್ಯವೇನಿತ್ತು? ಆ ಅಕ್ಷರ ಮೊದಲು ಇದ್ದದ್ದೇ ಬೇರೆ ಕೈಯಲ್ಲಿ. ಇವಳ ಕೈಗೆ ಬಂದದ್ದು ಆಮೇಲೆ. ಪಂಚಮಿಗೆ ಬಂದ ರಾಜೇಶ್ವರಿ ಎರಡು ದಿನ ಇದ್ದಳು. ಜೋಕಾಲಿಗೆ ಹಾಸಲು ಹಳೆಯ ಸೀರೆ ಬೇಕೆಂದು, ಚೆಕ್ ಪುಸ್ತಕವೂ ಇದ್ದ ಟ್ರಂಕು ತೆಗೆದಿದ್ದಳು.

“ಯಾರೂ ನೆನಪಾಗವಲ್ರು,” ಎಂದಳು ಗುರುಸಿದ್ದವ್ವ.

ಹೊರಗೆ ಬಂದು ಇಬ್ಬರೂ ಬಸ್ ನಿಲ್ದಾಣದ ತನಕ ನಡೆದರು. ಬಸ್ಸು ಕಂಡಾಗ ವಿದ್ಯಾವತಿ ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

“ನಾ ತವರಮನಿಗೆ ಹೊಂಟೀನ್ರಿ.”

“ಅಯ್ಯ, ನಿಂದಲ್ಲ ಅಂತ ಆತಲ್ಲ ಬೇ!”

“ಯಾರದು ಅನ್ನೂದು ನಿಮಗ ಗೊತ್ತಾಗೇತಿ. ನಿಮ್ಮ ಮಾರಿ ನೋಡೀನಿ.” ದನಿ ಏರಲಿಲ್ಲ. “ನನ್ನ ಮಾತು ನಂಬಲಿಲ್ಲ, ಬೆಟ್ಟು ನೋಡಿ ನಂಬಿದ್ರಿ. ಅದೂ ಇರ್ಲಿ. ಆ ಚೆಕ್ಕಿನ ಹಿಂದ ನನ್ನ ಹೆಸರು ಹಂಗ ಐತಲ್ರಿ. ಓಣಿ ಮಂದಿ ಎಲ್ಲಾ ಕೇಳ್ಯಾರ. ಅದು ಹೋಗೂತನಕ ನಿಮ್ಮ ಹಂಚಿನ ಮುಂದ ನಾ ಹೆಂಗ ಕುಂದರ್ಲಿ?”

ಬಸ್ಸು ಹೋಯಿತು. ಗುರುಸಿದ್ದವ್ವ ಕಲ್ಲುಬೆಂಚಿನ ಮೇಲೆ ಕುಳಿತು ಇಟ್ಟಂಗಿಹಾಳಕ್ಕೆ, ರಾಜೇಶ್ವರಿಗೆ ಫೋನು ಹಚ್ಚಿಸಿದಳು. ಚೆಕ್ಕು ಎಂದದ್ದೇ ಆ ಕಡೆ ಅಳು.

“ಅತ್ತೀ, ಇವರ ಅಂಗಡಿ ಮುಚ್ಚೂ ಹಂಗ ಆಗಿತ್ರಿ. ಹೊಳ್ಳಿ ಇಡಬೇಕಂತನ ಮಾಡೀನಿ. ಬೆಟ್ಟು ಒತ್ತಸ್ತಾರ ಅಂತ ನನಗೇನು ಗೊತ್ತು? ಯಾರ ಮುಂದೂ ಅನ್ನಬ್ಯಾಡ್ರಿ, ಇವರು ನನ್ನ ಬಿಟ್ಟ ಬಿಡ್ತಾರ.”

“ರೊಕ್ಕದ್ದು ಇರ್ಲಿ. ಆಕಿ ಹೆಸರು ಯಾಕ ಬರದಿ, ಯವ್ವಾ?”

ಅಳು ನಿಂತಿತು. ಆಮೇಲೆ ಸಣ್ಣ ದನಿ: “ಆ ಮನ್ಯಾಗ ನಾ ಇರಬೇಕಿತ್ತಲ್ರಿ.”

ಆ ಮಾತನ್ನು ಗುರುಸಿದ್ದವ್ವ ಎಷ್ಟೋ ಸಲ ಮನಸ್ಸಿನಲ್ಲೇ ಅಂದುಕೊಂಡಿದ್ದಳು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಅದು ಎಂಥ ಮಾತೆಂದು ತಿಳಿಯಿತು. ಕೊರಳಿನ ಲಿಂಗವನ್ನು ಸೆರಗಿನ ಮೇಲಿಂದಲೇ ಹಿಡಿದುಕೊಂಡು ತುಸು ಹೊತ್ತು ಕುಳಿತಳು. ಏನು ಬೇಡಿಕೊಂಡಳೋ ಶಿವನೇ ಬಲ್ಲ. ಎದ್ದು ತಿರುಗಿ ಬ್ಯಾಂಕಿಗೆ ನಡೆದಳು.

ನಾಜಿಯಾ ದೂರು ಬರೆದುಕೊಂಡಳು. ಹೆಸರು ಕೇಳಿದಾಗ ಗುರುಸಿದ್ದವ್ವ ಹೇಳಿದಳು. ಏನಾಗಬೇಕು ಎಂದಾಗ, “ತಮ್ಮನ ಮಗಳು” ಎಂದಳು. ಸಹಿಯ ಮೇಲೆಯೇ ತಕರಾರು ಇರುವುದರಿಂದ ದೂರಿಗೆ ಅವಳ ಹೆಬ್ಬೆಟ್ಟನ್ನೇ ತೆಗೆದುಕೊಂಡರು. ನಾಜಿಯಾ ನಕಲೊಂದನ್ನು ಮಡಿಸಿ ಅವಳ ಕೈಗಿಟ್ಟಳು. ಅಲ್ಲಿಂದ ಅವಳು ಮನೆಗೆ ಹೋಗದೆ ಬಬಲೇಶ್ವರದ ಹಾದಿ ಹಿಡಿದಳು.

ಬೀಗರ ಹೊಸ ಮನೆಯ ಗೋಡೆಗೆ ವಿದ್ಯಾವತಿ ಪೈಪು ಹಿಡಿದು ನೀರು ಹೊಡೆಯುತ್ತಿದ್ದಳು. ಅತ್ತೆಯನ್ನು ಕಂಡರೂ ಪೈಪು ಇಳಿಸಲಿಲ್ಲ.

“ಹೆಸರು ಕೊಟ್ಟ ಬಂದೀನಿ,” ಗುರುಸಿದ್ದವ್ವ ಅಂಗಳದಲ್ಲೇ ನಿಂತು ಹೇಳಿದಳು. “ಇಲ್ಲಿ ಬರದೈತಿ, ಓದು. ನಿಂದಲ್ಲ ಅಂತ ಓಣ್ಯಾಗೂ ನಾನ ಹೇಳ್ತೀನಿ, ಎಲ್ಲಾರ ಮುಂದ.”

ಅಷ್ಟರಲ್ಲಿ ಅವಳ ಫೋನು ಕೂಗಿತು. ತಮ್ಮ ಬಸಗೊಂಡಪ್ಪ; ಬ್ಯಾಂಕಿನವರು ಇಟ್ಟಂಗಿಹಾಳಕ್ಕೆ ಫೋನು ಮಾಡಿದ ಸುದ್ದಿ ಅವನಿಗೆ ಮುಟ್ಟಿತ್ತು. ಕಿವಿಯಿಂದ ದೂರ ಹಿಡಿದರೂ ಅವನ ಕೂಗು ಅಂಗಳಕ್ಕೆಲ್ಲ ಕೇಳುತ್ತಿತ್ತು.

“ನನ್ನ ಮಗಳ ಬಾಳೇಕ್ಕ ಬೆಂಕಿ ಹಚ್ಚಿದೆಲ್ಲಬೇ ಅಕ್ಕಾ! ಇನ್ನ ಮ್ಯಾಲೆ ನಿನಗ ತವರಿಲ್ಲ ತಿಳಿ. ನಾ ಸತ್ರೂ ಬರಬ್ಯಾಡ.”

“ಹೂಂ, ಯಪ್ಪಾ,” ಎಂದಳು ಗುರುಸಿದ್ದವ್ವ. ಆ ಕಡೆ ಫೋನು ಇಟ್ಟ ಮೇಲೂ ಅವಳು ಅದನ್ನು ಹಿಡಿದುಕೊಂಡೇ ನಿಂತಿದ್ದಳು.

ವಿದ್ಯಾವತಿ ನಲ್ಲಿ ಬಂದ್ ಮಾಡಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿರ ಬಂದಳು. ಕಾಗದವನ್ನು ತೆಗೆದುಕೊಳ್ಳಲಿಲ್ಲ.

“ಮುಂಜಾನಿಂದ ಏನರೆ ಉಂಡೀರೇನ್ರಿ ಅತ್ತಿ?”

“ಇಲ್ಲ ಬೇ.”

“ಒಳಗ ಬರ್ರಿ.”